ಎರಡನೆಯ ಕೂಗು

ನಮ್ಮ ಮನೆಯಲ್ಲಿ ಹಗಲಿಗೂ ದೀಪ ಬೇಕಾಗುತ್ತಿತ್ತು. ಕೊಳ್ಳೇಗಾಲದ ನೇಕಾರರ ಬೀದಿಯ ಮನೆಗಳು ಆಗ ಬಹುಪಾಲು ಹಾಗೆಯೇ ಇದ್ದವು. ಎರಡು ಪಕ್ಕದಲ್ಲೂ ನೆರೆಯವರ ಗೋಡೆ, ಕಿಟಕಿಗೆ ಜಾಗವಿಲ್ಲ. ಬೀದಿ ಬಾಗಿಲಿಂದ ಹಿತ್ತಿಲ ಬಾಗಿಲವರೆಗೆ ಒಂದರ ಹಿಂದೊಂದು ಕೋಣೆ. ಮೊದಲನೆಯದು ಮಗ್ಗದ ಕೋಣೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯಲು ಕೂತರೆ, ಬೀದಿಯಲ್ಲಿ ಹೋಗುವವರಿಗೆ ಸೊಂಟದಿಂದ ಮೇಲಿನ ಅಪ್ಪ ಮಾತ್ರ ಕಾಣುತ್ತಿದ್ದ. ಅವನ ತಲೆಯ ಮೇಲೆ ಸೂರಿನಲ್ಲಿ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲು ಮಗ್ಗದ ರೇಷ್ಮೆ ಎಳೆಗಳ ಮೇಲೆ ಬಿದ್ದು ಅಲ್ಲಿಗೇ ಮುಗಿದುಹೋಗುತ್ತಿತ್ತು. ನಡುಮನೆಗೆ ಅದರ ಉಳಿಕೆಯಷ್ಟೇ ಬರುತ್ತಿತ್ತು. ಅಡುಗೆಮನೆಗೆ ಅದೂ ಇಲ್ಲ, ಒಲೆ ಉರಿಯುವಾಗ ಒಲೆಯದೇ ಬೆಳಕು. ಅಡುಗೆಮನೆ ದಾಟಿದರೆ ಫಕ್ಕನೆ ಹಿತ್ತಿಲ ಬಿಸಿಲು, ಬಾವಿ, ಬಟ್ಟೆ ಒಗೆಯುವ ಕಲ್ಲು, ರೇಷ್ಮೆ ನೂಲನ್ನು ಸೋಪಿನ ನೀರಿನಲ್ಲಿ ಬೇಯಿಸಿ ಅಂಟು ಬಿಡಿಸುವ ದೊಡ್ಡ ಒಲೆ. ಬೆಳಕಿನಿಂದ ಬೆಳಕಿಗೆ ಹೋಗಲು ಕತ್ತಲನ್ನು ದಾಟಿಯೇ ಹೋಗಬೇಕಾದ ಮನೆ ಅದು. ಅದರಲ್ಲೇ ಹುಟ್ಟಿದ ನನಗೆ ಅದು ಏನೂ ಅನಿಸಿರಲಿಲ್ಲ. ಕೆಂಪತ್ತೆ ಬಂದಮೇಲೆಯೇ ನಮ್ಮ ಮನೆಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕತ್ತಲಿದೆ ಎಂದು ನಾನು ಗಮನಿಸಿದ್ದು.

ಕೆಂಪತ್ತೆ ಅಪ್ಪನ ತಂಗಿ. ಅವಳನ್ನು ಕಾಡಂಚಿನ ಹೂಗ್ಯಂ ಎಂಬ ಊರಿಗೆ ಕೊಟ್ಟಿದ್ದರು. ನಮ್ಮ ಪೈಕಿಯವರೇ, ಆದರೆ ಮಗ್ಗ ಬಿಟ್ಟು ಎಷ್ಟೋ ಕಾಲದಿಂದ ಬೇಸಾಯ ಹಿಡಿದ ಮನೆ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ. ಆನೆ ತುಳಿಯಿತು ಎಂಬುದಷ್ಟೇ ನಮಗೆ ಗೊತ್ತಿತ್ತು. ಮಕ್ಕಳಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಹನೂರಿನ ಬಸ್ಸಿನಲ್ಲಿ ಅವಳನ್ನು ಕರೆದುಕೊಂಡು ಬಂದ. ಅವಳ ಕೈಯಲ್ಲೊಂದು ತಗಡಿನ ಪೆಟ್ಟಿಗೆ, ತಲೆಯ ತುಂಬ ಸೆರಗು. ಅವ್ವ ಕೈಕಾಲಿಗೆ ನೀರು ಕೊಟ್ಟಳು, ಮುದ್ದೆ ಉಪ್ಸಾರು ಬಡಿಸಿದಳು, ಉಂಡಾದ ಮೇಲೆ ನಡುಮನೆಯ ಮೂಲೆಯಲ್ಲಿದ್ದ ರಾಟೆಯ ಕಡೆ ನೋಡಿದಳು. ಅತ್ತೆ ಎದ್ದು ಹೋಗಿ ರಾಟೆಯ ಮುಂದೆ ಕೂತಳು. ನೇಯುವಾಗ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗಳಿಗೆ ರೇಷ್ಮೆ ಸುತ್ತಿಕೊಡುವುದು ಅಂದಿನಿಂದ ಅವಳ ಕೆಲಸವಾಯಿತು. ಇರು ಎಂದು ಅವಳಿಗೆ ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಬೆಳಿಗ್ಗೆ ತನ್ನ ಹಾಸಿಗೆಯನ್ನು ಎಲ್ಲರಿಗಿಂತ ಮೊದಲು ಸುತ್ತಿ, ಯಾರ ಕಾಲಿಗೂ ಸಿಗದ ಹಾಗೆ ಪೆಟ್ಟಿಗೆಯ ಹಿಂದೆ ಇಡುತ್ತಿದ್ದಳು. ತನ್ನ ಸಾಮಾನನ್ನು ಎಂದೂ ಪೆಟ್ಟಿಗೆಯಿಂದ ಪೂರ್ತಿ ಈಚೆ ತೆಗೆಯಲಿಲ್ಲ. ಅವ್ವ ಅವಳ ಜೊತೆ ಜಗಳಕ್ಕೂ ಹೋಗುತ್ತಿರಲಿಲ್ಲ, ಸಲಿಗೆಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಇಬ್ಬರ ನಡುವೆ ಬೇಳೆ, ಉಪ್ಪು, ನೀರಿನ ಮಾತು ಬಿಟ್ಟರೆ ಬೇರೆ ಮಾತು ನಾನು ಕೇಳಿದ್ದಿಲ್ಲ.

ಆದರೆ ನಮ್ಮ ಜೊತೆ ಕೆಂಪತ್ತೆ ಮಾತಾಡಿದಳು. ನಾನೂ ನನ್ನ ತಮ್ಮ ಮಾದೇಶನೂ ಶಾಲೆ ಬಿಟ್ಟು ಬಂದವರೇ ರಾಟೆಯ ಮುಂದೆ ಹಾಜರಾಗುತ್ತಿದ್ದೆವು. ಕತೆ ಶುರುವಾಗುವ ಮೊದಲು ಅವಳದೊಂದು ಏರ್ಪಾಡಿತ್ತು.

"ಅಂಗಲ್ಲ ಕೂಸೇ, ಇತ್ತಗೆ ತಿರುಗಿ ಕುಂತ್ಕ. ಲೇ ಮಾದೇಸ, ನೀನೂವೆ."

ಹಾಗೆ ತಿರುಗಿ ಕೂತರೆ ನಮ್ಮ ಮುಖ ಮಗ್ಗದ ಬೆಳಕಿಗೆ, ಬೆನ್ನು ಅಡುಗೆಮನೆಯ ಕತ್ತಲಿಗೆ. ಇದು ಅವಳು ಬೇಕೆಂದೇ ಮಾಡುತ್ತಿದ್ದದ್ದು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಬೆನ್ನಿಗೆ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ತಿರುಗಿ ನೋಡೋಣವೆಂದರೆ ಧೈರ್ಯ ಸಾಲದು. ದನಿಯನ್ನೂ ಅವಳು ಎತ್ತರಿಸುತ್ತಿರಲಿಲ್ಲ. ಭಯದ ಜಾಗ ಬಂದಷ್ಟೂ ತಗ್ಗಿಸುತ್ತಿದ್ದಳು, ರಾಟೆಯ ಗುಂಯ್‌ಗುಡುವಿಕೆಗಿಂತ ಕೊಂಚ ಕೆಳಗೆ. ಕೇಳಿಸಬೇಕಾದರೆ ನಾವೇ ಮುಂದಕ್ಕೆ ಬಾಗಬೇಕಿತ್ತು. ಹಾಗೆ ಬಾಗಿದಾಗ ಬೆನ್ನು ಇನ್ನಷ್ಟು ಬಯಲಾಗುತ್ತಿತ್ತು.

ಅವಳ ಕತೆಗಳಲ್ಲಿ ದೆವ್ವ ಬೇಗ ಬರುತ್ತಿರಲಿಲ್ಲ. ನಾವು ಮತ್ತೆ ಮತ್ತೆ ಹೇಳಿಸಿಕೊಂಡದ್ದು ಕೂಗುಮಾರಿಯ ಕತೆ. ಕಾಡಂಚಿನ ಊರು, ಊರಾಚೆ ಒಂಟಿ ಮನೆ, ಅಲ್ಲಿ ಚೆನ್ನಿ ಎಂಬ ಹೆಂಗಸು. ಗಂಡ ಹೊಲ ಕಾಯಲು ಹೋಗಿದ್ದಾನೆ, ಹೊತ್ತು ಮುಳುಗುತ್ತಿದೆ, ಇನ್ನೂ ಬಂದಿಲ್ಲ.

"ಅವತ್ತು ಅವ್ರ ಮನೇಲಿ ಉಳ್ಳಿಕಾಳ್ ಸಾರು. ಗಂಡನ್ಗೆ ಅಂತ ಮುದ್ದೆ ಎತ್ತಿ ಮಡಗಿದ್ಲು. ಆರೋಯ್ತದಲ್ಲಾ ಅಂತ ತಟ್ಟೆ ಮುಚ್ಚಿದ್ಲು. ಕೋಳಿಯೆಲ್ಲಾ ಗೂಡಿಗಾಕಿದ್ಲು. ಒಂದು ಕೋಳಿ ಮಾತ್ರ ಒಳಿಕೆ ಬರ್ದು, ಬೇಲಿ ಕಡೀಕೆ ನೋಡ್ಕಂಡು ನಿಂತ್ಕಂಡದೆ. ಬಾ ಅಂದ್ರೆ ಬರ್ದು."

ಆ ಕೋಳಿ ಏನನ್ನು ನೋಡುತ್ತಿದೆ ಎಂದು ಅವಳು ಹೇಳುತ್ತಿರಲಿಲ್ಲ. ಅದನ್ನಲ್ಲೇ ಬಿಟ್ಟು ಮನೆಯ ಒಳಕ್ಕೆ ಹೋಗಿಬಿಡುತ್ತಿದ್ದಳು. ಚೆನ್ನಿ ದೀಪ ಹಚ್ಚಿದಳು, ಬತ್ತಿ ಸರಿಮಾಡಿದಳು, ನೀರಿನ ಗಡಿಗೆಗೆ ಮುಚ್ಚಳ ಹಾಕಿದಳು. "ನಮ್ಮನೆ ತರನೇ ಅವ್ರದೂ ಒಂದು ನಡುಮನೆ," ಎನ್ನುವಳು, ಏನೂ ಅಲ್ಲವೆಂಬಂತೆ. ಅಷ್ಟು ಸಾಕಾಗುತ್ತಿತ್ತು. ಅಲ್ಲಿಂದಾಚೆಗೆ ಕತೆ ಆ ಕಾಡಂಚಿನ ಊರಿನಲ್ಲಿ ನಡೆಯುತ್ತಿರಲಿಲ್ಲ, ನಾವು ಕೂತ ಚಾಪೆಯ ಸುತ್ತ ನಡೆಯುತ್ತಿತ್ತು. ಆಮೇಲೆ ಬೇಲಿಯಾಚೆಯಿಂದ ಕೂಗು.

"ಚೆನ್ನೀ..."

ಆ ಕೂಗು ಬರುವ ಗಳಿಗೆಯಲ್ಲಿ ಮನೆ ನಿಶ್ಶಬ್ದವಾಗಿರುತ್ತಿತ್ತು. ಮಗ್ಗವೂ ನಿಂತಿರುತ್ತಿತ್ತು! ಪ್ರತಿಸಲವೂ ಅದು ಹೇಗೆ ಎಂದು ನಾನೂ ಮಾದೇಶನೂ ಚರ್ಚೆ ಮಾಡಿದ್ದೇವೆ. ಮಾರಿ ಬಂದಾಗ ಮಗ್ಗಕ್ಕೂ ಗೊತ್ತಾಗುತ್ತದೆ ಎಂಬುದು ಅವನ ತೀರ್ಮಾನ. ನಿಜ ಸಂಗತಿ ಹೀಗಿತ್ತು: ಲಾಳಿಯೊಳಗಿನ ಕೊಳವೆಯ ನೂಲು ಮುಗಿದಾಗಲೆಲ್ಲ ಅಪ್ಪ ಮಗ್ಗ ನಿಲ್ಲಿಸಿ ಬೇರೆ ಕೊಳವೆ ಹಾಕಿಕೊಳ್ಳಬೇಕು. ಆ ಕೊಳವೆಗಳಿಗೆ ನೂಲು ಸುತ್ತಿದವಳು ಅತ್ತೆಯೇ. ಯಾವ ಕೊಳವೆ ಎಷ್ಟು ಹೊತ್ತು ಬರುತ್ತದೆಂದು ಅವಳ ಕಿವಿಗೆ ಗೊತ್ತಿತ್ತು. ಕೋಳಿ, ದೀಪ, ಗಡಿಗೆ ಎಂದು ಮಾತನ್ನು ಎಳೆಯುತ್ತ, ಅಪ್ಪನ ಕೈ ನಿಲ್ಲುವವರೆಗೆ ಕಾದು, ಆ ಮೌನದೊಳಕ್ಕೆ ಕೂಗನ್ನು ಇಳಿಸುತ್ತಿದ್ದಳು. ತನ್ನ ಮಗ್ಗ ದಿನವೂ ಒಂದು ದೆವ್ವದ ಕತೆಗೆ ದುಡಿಯುತ್ತಿದೆ ಎಂದು ಅಪ್ಪನಿಗೆ ಗೊತ್ತೇ ಇರಲಿಲ್ಲ.

ಕೂಗಿಗೆ ಚೆನ್ನಿ ಓ ಅನ್ನುತ್ತಿರಲಿಲ್ಲ. ಯಾಕೆಂದರೆ ಅದಕ್ಕೊಂದು ಕಟ್ಟಳೆಯಿತ್ತು.

"ಕೂಗುಮಾರಿ ಒಂದೇ ಸಲ ಕೂಗೋದು. ಮನ್ಸರಾದ್ರೆ ಇನ್ನೊಂದ್ಸಲ ಕೂಗ್ತರೆ. ಅದಕೇ ಮೊದುಲ್ನೇ ಕೂಗ್ಗೆ ಓ ಅನ್ನಕೂಡ್ದು. ಅಂದ್ರೆ ಜೀವವ ಎತ್ಕಂಡೋಯ್ತಳೆ."

ಹಾಗಾಗಿ ಚೆನ್ನಿ ಎರಡನೆಯ ಕೂಗಿಗೆ ಕಾಯುತ್ತಾಳೆ. ಕತೆಯ ಜೀವ ಇದ್ದದ್ದು ಅಲ್ಲಿ. ಅತ್ತೆ ರಾಟೆಯನ್ನೂ ನಿಲ್ಲಿಸಿಬಿಡುತ್ತಿದ್ದಳು. ಚೆನ್ನಿ ದೀಪವನ್ನು ನೋಡುತ್ತಾಳೆ. ಬಾಗಿಲ ಅಗಳಿಯನ್ನು ನೋಡುತ್ತಾಳೆ. ಕೂಗಿದ್ದು ಗಂಡನ ದನಿಯ ಹಾಗೇ ಇತ್ತು, ಆದರೆ ಮಾರಿಗೆ ಯಾರ ದನಿಯೂ ಬರುತ್ತದಲ್ಲ? ಎದ್ದು ಬಾಗಿಲ ಹತ್ತಿರ ಹೋಗುತ್ತಾಳೆ, ಅಗಳಿಯ ಮೇಲೆ ಕೈ ಇಡುತ್ತಾಳೆ, ತೆಗೆಯುವುದಿಲ್ಲ. ಈಗ ಕೂಗಬೇಕು. ಈಗ ಕೂಗಬೇಕು. ಮಾದೇಶ ಈ ಹೊತ್ತಿಗೆ ನನ್ನ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದ. ಕತೆ ಎಷ್ಟೋ ಸಲ ಕೇಳಿದ್ದು, ಮುಂದೇನೆಂದು ಗೊತ್ತು, ಆದರೂ ಈ ಸಲ ಕೂಗು ಬಾರದೇ ಹೋದರೆ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಗ, "ಲೇ ಚೆನ್ನೀ, ಬಾಗ್ಲು ತಗಿಯಮ್ಮಿ, ಕೈ ತುಂಬಾ ಅವರೆಕಾಯದೆ!" ಎಂದು ಎರಡನೆಯ ಕೂಗು ಬರುತ್ತಿತ್ತು. ಗಂಡ ಒಳಗೆ ಬರುತ್ತಿದ್ದ. ಮುದ್ದೆ ಇನ್ನೂ ಬೆಚ್ಚಗಿರುತ್ತಿತ್ತು. ನಾವು ಉಸಿರು ಬಿಡುತ್ತಿದ್ದೆವು.

ಈ ಕತೆಯನ್ನು ನನ್ನದಾಗಿ ಮಾಡಿಕೊಳ್ಳಲು ಹೋಗಿ ನಾನು ಒಮ್ಮೆ ಮುಖಭಂಗ ಅನುಭವಿಸಿದೆ. ಬೀದಿಯ ಹುಡುಗಿಯರನ್ನೆಲ್ಲ ನಮ್ಮ ಜಗಲಿಯ ಮೇಲೆ ಕೂರಿಸಿಕೊಂಡು, "ಒಂದೂರಲ್ಲಿ ಒಂದು ಕೂಗುಮಾರಿ ಇತ್ತು, ಅದು ಜೀವ ಎತ್ಕಂಡೋಗ್ತಿತ್ತು" ಎಂದು ಶುರುಮಾಡಿದೆ. ಕಣ್ಣು ದೊಡ್ಡದು ಮಾಡಿದೆ, ಕಿರುಚಿದೆ. ಅವರು ನಕ್ಕರು. ಒಬ್ಬಳು ನನ್ನ ಹಾಗೇ ಕಿರುಚಿ ತೋರಿಸಿದಳು. ಅಳುಮುಖ ಹಾಕಿಕೊಂಡು ಒಳಗೆ ಬಂದವಳನ್ನು ಅತ್ತೆ ಹತ್ತಿರ ಕೂರಿಸಿಕೊಂಡಳು.

"ಮಾರಿಯ ಮೊದ್ಲೇ ಕರ್ಕೊಂಡ್ಬಂದು ನಿಲ್ಲಿಸ್ಬುಟ್ರೆ ಆಮ್ಯಾಕೆ ಅವ್ಳು ಎತ್ತಗಿಂದ ಬತ್ತಳೆ ಕೂಸೇ? ಮೊದ್ಲು ಮನೆ ಕಟ್ಬೇಕು. ಒಲೆ ಅಚ್ಬೇಕು. ಕೇಳೋರು ಆ ಮನೇಲಿ ಕುಂತು ಒಂದು ತುತ್ತು ಉಣ್ಬೇಕು. ಆಮ್ಯಾಕೆ ಬೇಲಿ ಕಡೀಕೆ ಒಸಿ ನೋಡಿದ್ರೆ ಸಾಕು."

"ಮತ್ತೆ ಎದ್ರಿಸೋದು ಯಾವಾಗ?"

"ನಾವೇನು ಎದ್ರಿಸೋದು? ಕಾಯಿಸ್ಬೇಕು. ಕಾಯ್ತಾ ಕಾಯ್ತಾ ಅವ್ರೇ ಎದ್ರುಕತರೆ."

ಮುಂದೆ ನಾನು ಕನ್ನಡ ಮೇಡಮ್ಮಾಗಿ ಯಳಂದೂರಿನಲ್ಲಿ ಬಹಳ ವರ್ಷ ಪಾಠ ಮಾಡಿದೆ. ಕತೆ ಬರೆಯಿರಿ ಎಂದರೆ ಮಕ್ಕಳಿಗೆ ಮೊದಲು ತೋಚುವುದು ದೆವ್ವದ ಕತೆಯೇ. ಬಿಳಿ ಸೀರೆ, ಗೆಜ್ಜೆ ಸದ್ದು, ಹಿಂದಕ್ಕೆ ತಿರುಗಿದ ಪಾದ ಎಲ್ಲವೂ ಮೊದಲ ಸಾಲಿನಲ್ಲೇ ಬಂದು ಸಾಲಾಗಿ ನಿಂತಿರುತ್ತವೆ. ಈಗ ನಿವೃತ್ತಳಾದರೂ ಕರೆದರೆ ಶಾಲೆಗೆ ಹೋಗುತ್ತೇನೆ. ಫೋನಿನಲ್ಲಿ ಎಂಥೆಂಥದೋ ಭಯಂಕರಗಳನ್ನು ನೋಡಿ ಬೆಳೆದ ಮಕ್ಕಳು ಕೂಡ ಹಾಗೆಯೇ ಬರೆಯುತ್ತಾರೆ. ನಾನು ಅವರಿಗೆ ಕೇಳುವುದು ಒಂದೇ: ಆ ಮನೆಯಲ್ಲಿ ಅವತ್ತು ಏನು ಸಾರು? ಮಕ್ಕಳು ನಗುತ್ತಾರೆ. ಆದರೆ ಒಬ್ಬರಿಬ್ಬರು ಯೋಚನೆ ಮಾಡಿ ಬರೆದು ತಂದಾಗ, ಓದುತ್ತ ಓದುತ್ತ ತರಗತಿ ತಾನಾಗಿ ಸುಮ್ಮನಾಗುತ್ತದೆ.

ಇಷ್ಟೇ ಆಗಿದ್ದರೆ ಇದು ನಾನು ಕತೆ ಕಲಿತ ಬಗೆಯ ನೆನಪಾಗಿ ಉಳಿಯುತ್ತಿತ್ತು. ಆದರೆ ಕತೆಯ ಕಟ್ಟಳೆ ಕತೆಯೊಳಗೇ ನಿಲ್ಲಲಿಲ್ಲ, ನಮ್ಮ ಮನೆಯ ಕಟ್ಟಳೆಯಾಯಿತು. ಅವ್ವ ಹಿತ್ತಿಲಿಂದ "ಲೇ ಸಾವೀ" ಎಂದರೆ ನಾನು ತುಟಿ ಬಿಗಿದುಕೊಂಡು ಕೂರುತ್ತಿದ್ದೆ. ಎರಡನೆಯ ಸಲ ಕೂಗಿದ ಮೇಲೆಯೇ ಓ ಎನ್ನುತ್ತಿದ್ದದ್ದು. ಮಾದೇಶನಂತೂ ಎರಡನೆಯ ಕೂಗಿಗೂ ನಂಬಿಕೆ ಸಾಲದೆ ಬಾಗಿಲ ಸಂದಿಯಿಂದ ಇಣುಕಿ ಅವ್ವನೇ ಹೌದೆಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದ. ಅವ್ವ ಬೈದಳು, ತಲೆಗೆ ಮೊಟಕಿದಳು. "ಒಂದು ಕೂಗ್ಗೆ ಬರೋ ಮಕ್ಕಳಲ್ಲ ನನ್ನವು" ಎಂದು ಪಕ್ಕದ ಮನೆಯವರಿಗೆ ಹೇಳಿಕೊಂಡಳು. ಯಾಕೆ ಹೀಗೆಂದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಕತೆ ಕೇಳಲು ಪುರಸೊತ್ತಾದರೂ ಎಲ್ಲಿತ್ತು? ನಾವು ಕತೆಗೆ ಕೂರುವ ಹೊತ್ತಿಗೆ ಅವಳು ಹಿತ್ತಿಲಲ್ಲಿ ನೂಲು ಬೇಯಿಸುತ್ತಲೋ ಒಗೆಯುತ್ತಲೋ ಇರುತ್ತಿದ್ದಳು.

ಆ ದಿನವೂ ಹಾಗೇ. ಶಾಲೆಗೆ ರಜೆ. ಅಪ್ಪ ನೇಯ್ದ ಸೀರೆ ಕೊಡಲು ಪೇಟೆಗೆ ಹೋಗಿದ್ದ, ಮಗ್ಗ ಸುಮ್ಮನಿತ್ತು. ಕೆಂಪತ್ತೆ ರಾಟೆಯ ಮುಂದೆ, ನಾವಿಬ್ಬರೂ ಅವಳ ಎದುರು. ಹಿತ್ತಿಲಿಂದ ಅವ್ವನ ದನಿ ಬಂತು.

"ಸಾವೀ!"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾದೆವು. ಆದರೆ ಕೆಂಪತ್ತೆ ಕಾಯಲಿಲ್ಲ. ಕೈಯಲ್ಲಿದ್ದ ನೂಲನ್ನು ಬಿಟ್ಟದ್ದೇ ಎದ್ದು ಓಡಿದಳು. ರಾಟೆ ಉರುಳಿಬಿತ್ತು, ರೇಷ್ಮೆಯ ಎಳೆ ಅವಳ ಕಾಲಿಗೆ ಸುತ್ತಿಕೊಂಡು ಅಡುಗೆಮನೆಯವರೆಗೂ ಎಳೆದುಕೊಂಡು ಹೋಯಿತು. ಅವಳು ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅವಳ ಹಿಂದೆ ನಾವು ಹಿತ್ತಿಲಿಗೆ ಹೋದಾಗ ಒಲೆಯ ಒಂದು ಕಲ್ಲು ಸರಿದಿತ್ತು. ಪಾತ್ರೆ ಮಗುಚಿಕೊಂಡು, ಕುದಿಯುವ ಸೋಪಿನ ನೀರು ಅವ್ವನ ಎಡಗಾಲ ಮೇಲೆ ಮಂಡಿಯಿಂದ ಕೆಳಗೆ ಪೂರ್ತಿ ಬಿದ್ದಿತ್ತು. ಅವಳು ಒಗೆಯುವ ಕಲ್ಲಿಗೆ ಒರಗಿ ಕುಸಿದಿದ್ದಳು. ಬಾಯಿ ತೆರೆದೇ ಇತ್ತು, ದನಿ ಬರುತ್ತಿರಲಿಲ್ಲ. ಮಗುಚಿದ ಪಾತ್ರೆಯ ಪಕ್ಕ ಒಲೆಯ ಕೆಂಡ ಚೆಲ್ಲಿ, ಅವಳ ಸೀರೆಯ ಸೆರಗಿಗೆ ಹತ್ತಲು ಒಂದು ಗೇಣು ಮಾತ್ರ ಉಳಿದಿತ್ತು. ಅತ್ತೆ ಸೆರಗನ್ನು ಎಳೆದು, ಅವ್ವನನ್ನು ಕಂಕುಳಿಗೆ ಕೈಕೊಟ್ಟು ಈಚೆಗೆ ತಂದು, ಬಾವಿಯ ನೀರು ಸೇದಿ ಸೇದಿ ಕಾಲಿನ ಮೇಲೆ ಹೊಯ್ದಳು. ನೆರೆಯವರು ಬಂದರು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅವ್ವನನ್ನು ನಡುಮನೆಯಲ್ಲಿ ಮಲಗಿಸಿದರು. ನಾವು ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಅವ್ವ ನಮ್ಮನ್ನೇ ನೋಡಿದಳು.

"ಯಾಕ್ರವ್ವಾ ಬರ್ನಿಲ್ಲ? ಕೇಳ್ನಿಲ್ವಾ ನಿಮ್ಗೆ?"

ಮಾದೇಶ ನನ್ನ ಹಿಂದಿನಿಂದಲೇ ಹೇಳಿದ: "ಕೇಳ್ತು ಕಣವ್ವ. ನೀನು ಒಂದೇ ಸಲ ಕೂಗ್ದೆ."

"ಒಂದೇ ಸಲ ಕೂಗಿದ್ರೆ?"

"ಒಂದೇ ಸಲ ಕೂಗಿದ್ರೆ ಮಾರಿಯಂತೆ. ಅತ್ತೆ ಏಳವ್ಳೆ."

ಆಗ ಅವ್ವನಿಗೆ ಇಷ್ಟು ದಿನದ್ದೆಲ್ಲ ಒಮ್ಮೆಲೇ ಅರ್ಥವಾಯಿತು. ಮಲಗಿದಲ್ಲಿಂದಲೇ ಎದ್ದು ಕೂರಲು ನೋಡಿದಳು. ನೋವು, ಸಿಟ್ಟು ಎರಡೂ ಸೇರಿ ಮುಖ ಕೆಂಪಾಗಿತ್ತು.

"ನಿನ್ನೂರ್ ದೆವ್ವವ ತಂದು ನನ್ನ ಮನೇಲಿ ಬುಟ್ಟಲ್ಲಾ ಕೆಂಪಮ್ಮ! ನನ್ನ ಮಕ್ಕಳಿಗೆ ನನ್ನ ದನೀನೇ ಮಾರಿ ಮಾಡ್ಬುಟ್ಟಲ್ಲಾ! ಉಣ್ಣಕ್ಕಿಕ್ಕಿ ಜೊತೇಲಿ ಮಡಿಕಂಡಿದ್ದಕ್ಕೆ ಇದಾ?"

ಅತ್ತೆ ಬಾಗಿಲ ಬಳಿ ನಿಂತಿದ್ದಳು. ಅವಳ ಅಂಗೈ ಬಾವಿಯ ಹಗ್ಗಕ್ಕೆ ಸಿಕ್ಕಿ ಸುಲಿದಿತ್ತು. ಓಡಿಬಂದು ಕಾಪಾಡಿದ್ದು ತಾನೆಂದು ಅವಳು ಹೇಳಲಿಲ್ಲ. ಅಪ್ಪ, "ಇನ್ಮ್ಯಾಕೆ ಈ ಮನೇಲಿ ಕತೆ ಗಿತೆ ಏನೂ ಬ್ಯಾಡ," ಎಂದ. ಮಾರನೆಯ ದಿನ ಆ ಕಡೆಗೆ ಹೋಗುವ ಪರಿಚಯದವರೊಬ್ಬರ ಕೈಲಿ ಹೂಗ್ಯಮ್ಮಿನ ಮೈದುನನಿಗೆ ಹೇಳಿಕಳಿಸಿದ, ಬಂದು ಕೆಂಪಮ್ಮನನ್ನು ಕರೆದುಕೊಂಡು ಹೋಗಲಿ ಎಂದು. ಇದು ಅತ್ತೆಗೂ ಕೇಳಿಸುವಂತೆಯೇ ಆದದ್ದು. ಅವಳು ಆ ಸಂಜೆ ಒಗೆದ ಸೀರೆಯನ್ನು ಮಡಿಸಿ ಪೆಟ್ಟಿಗೆಯೊಳಗೆ ಇಟ್ಟಳು.

ಆಮೇಲಿನ ದಿನಗಳಲ್ಲಿ ಮಗ್ಗದ ಸದ್ದು, ರಾಟೆಯ ಸದ್ದು ಎರಡೇ. ಮಗ್ಗ ನಿಂತಾಗ ನಾವು ರಾಟೆಯ ಕಡೆ ನೋಡುತ್ತಿದ್ದೆವು. ಅತ್ತೆ ತಲೆ ಎತ್ತುತ್ತಿರಲಿಲ್ಲ. ಆದರೆ ಅವ್ವನ ಕಾಲನ್ನು ನೋಡಿಕೊಂಡದ್ದು ಅವಳೇ. ಬೆಳಿಗ್ಗೆ ಅಡುಗೆ ಮುಗಿಸಿ, ನೀರು ತುಂಬಿ, ಅವ್ವನ ಪಕ್ಕ ಕೂತು ಹಳೆಯ ಪಟ್ಟಿಯನ್ನು ನೀರಲ್ಲಿ ನೆನೆಸಿ ನೆನೆಸಿ ಬಿಡಿಸಿ ಮುಲಾಮು ಹಚ್ಚುವಳು. ಅವ್ವ ಮುಖ ತಿರುಗಿಸಿಕೊಂಡು ಮಲಗಿರುವಳು. ಎಷ್ಟೋ ದಿನ ಇಬ್ಬರೂ ಮಾತಾಡಲಿಲ್ಲ. ಒಂದು ಬೆಳಿಗ್ಗೆ, ನಾನು ಮುಲಾಮಿನ ಬಟ್ಟಲು ಹಿಡಿದುಕೊಂಡು ಅಲ್ಲೇ ಕೂತಿದ್ದಾಗ, ಅವ್ವ ಗೋಡೆ ನೋಡುತ್ತಲೇ ಕೇಳಿದಳು.

"ಅಲ್ಲ, ನೀನೆಂಗೆ ಬಂದೆ?"

"ಏನತ್ಗೆ?"

"ನಾನು ಕೂಗಿದ್ದು ಒಂದೇ ಸಲ. ನಿನ್ನ ಎಸ್ರೂ ಅಲ್ಲ. ನೀನೇ ಏಳ್ಕೊಟ್ಟಿದ್ದಲ್ವಾ, ಓ ಅನ್ನಕೂಡ್ದು ಅಂತ. ನೀನ್ಯಾಕೆ ಓಡ್ಬಂದೆ?"

ಅತ್ತೆ ಪಟ್ಟಿಯ ತುದಿಯನ್ನು ಹಿಡಿದುಕೊಂಡೇ ಇದ್ದಳು.

"ಅವ್ರೂ ಒಂದೇ ಸಲ ಕೂಗಿದ್ದು, ಅತ್ಗೆ."

ಅವ್ವ ಈ ಕಡೆ ತಿರುಗಿದಳು.

"ಬೇಲಿತಾವಿಂದ ಕೆಂಪೀ ಅಂದ್ರು. ನಾನು ಒಳ್ಗಿದ್ದೆ. ಇನ್ನೊಂದ್ಸಲ ಕೂಗ್ಲಿ ಅಂತ ನಿಂತ್ಕಂಡೆ. ಕೂಗ್ನಿಲ್ಲ."

ಅವಳು ಹೇಳಿದ್ದು ಇಷ್ಟು. ಆ ಸಂಜೆ ಒಲೆಯ ಮೇಲೆ ಏನಿತ್ತೆಂದು ಹೇಳಲಿಲ್ಲ. ಕೋಳಿ, ದೀಪ, ಅಗಳಿ ಯಾವುದೂ ಇರಲಿಲ್ಲ. ಮೌನಕ್ಕಾಗಿ ಕಾಯಲಿಲ್ಲ, ಅವಳು ಮಾತಾಡುವಾಗ ಅಪ್ಪನ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು, ಕೊನೆಯ ಮಾತು ಅದರಲ್ಲಿ ಅರ್ಧ ಮುಚ್ಚಿಹೋಯಿತು. ಅಷ್ಟು ಕಟ್ಟಿ, ಅಷ್ಟು ಎಳೆದು, ಅಷ್ಟು ಕಾಯಿಸಿ ಹೇಳುತ್ತಿದ್ದವಳು ತನಗೆ ಆದದ್ದನ್ನು ಹೇಳುವಾಗ ನಾಲ್ಕು ಮಾತಿಗೆ ಮುಗಿಸಿದಳು. ಯಾವ ಕತೆಗೂ ನಾನು ಹಾಗೆ ಹೆದರಿದ್ದಿಲ್ಲ.

ಅವ್ವ ಹೇಳಿದಳು: "ನೀನು ಓ ಅಂದಿದ್ರೆ ಆನೆ ಬುಟ್ಟೋಗ್ತಿತ್ತಾ? ಉಚ್ಚು ಕಣಮ್ಮಿ ನಿಂಗೆ."

"ಆನೆ ಬುಡ್ತಿರ್ನಿಲ್ಲ ಅತ್ಗೆ," ಎಂದಳು ಅತ್ತೆ. "ಅವ್ರಿಗೆ ಕೇಳ್ತಿತ್ತು."

ಅತ್ತೆ ಹೊಸ ಪಟ್ಟಿ ಸುತ್ತಿ, ಗಂಟು ಹಾಕಿ, ಕೊಳೆ ನೀರಿನ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಆ ವಯಸ್ಸಿಗೆ ಎಷ್ಟು ಅರ್ಥವಾಯಿತೋ ಅಷ್ಟು. ವರ್ಷಗಳು ಹೋದ ಹಾಗೆ ಆ ಬೆಳಗನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ನಮ್ಮನ್ನು ಹೆದರಿಸಲು ಅವಳು ಏನನ್ನೂ ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ. ಕಾಯುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಗಳಿಯ ಮೇಲೆ ಇಟ್ಟ ಕೈ ಎಷ್ಟು ಭಾರವಾಗುತ್ತದೆಂದು ಗೊತ್ತಿತ್ತು. ಅದನ್ನೆಲ್ಲ ಚೆನ್ನಿಗೆ ಕೊಟ್ಟಳು. ಒಂದನ್ನು ಮಾತ್ರ ಬದಲಾಯಿಸಿದಳು. ಚೆನ್ನಿಯ ಗಂಡ ಪ್ರತಿಸಲವೂ ಎರಡನೆಯ ಬಾರಿ ಕೂಗಿದ. ನಾವು ಇನ್ನೊಂದು ಸಲ, ಇನ್ನೊಂದು ಸಲ ಎಂದು ಪೀಡಿಸಿದಷ್ಟೂ ಅವಳು ಬೇಸರವಿಲ್ಲದೆ ಹೇಳುತ್ತಿದ್ದದ್ದು ನಮಗಾಗಿ ಮಾತ್ರವೇ ಆಗಿರಲಾರದು.

ಮೈದುನ ಬಂದದ್ದು ಸಂತೆಯ ದಿನ. ಕೆಟ್ಟ ಮನುಷ್ಯನಲ್ಲ, ಬಿಸಿಲಿಗೆ ಕರ್ರಗಾದ ಮುಖದ, ಕಡಿಮೆ ಮಾತಿನವನು. ಹೆಂಡತಿ ಬಸುರಿ, ಮನೆಯಲ್ಲಿ ಮುದುಕಿ ತಾಯಿ, ಹೊಲದ ಕೆಲಸ ಬೇರೆ. ಅತ್ತಿಗೆ ಬಂದರೆ ಅನುಕೂಲ. ಅಪ್ಪ ಗುಂಡಿಯಿಂದ ಮೇಲೆದ್ದು ಅವನ ಜೊತೆ ಚಾಪೆಯ ಮೇಲೆ ಕೂತ. ಅತ್ತೆ ಆಗಲೇ ಪೆಟ್ಟಿಗೆಯನ್ನು ನಡುಮನೆಯ ಮಧ್ಯಕ್ಕೆ ತಂದಿಟ್ಟು ಅದರ ಪಕ್ಕ ನಿಂತಿದ್ದಳು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಒಂದು ಕಾಲಿನ ಮೇಲೆ ಭಾರ ಹಾಕುತ್ತ ಎದ್ದುಬಂದಳು. ಸುಟ್ಟಮೇಲೆ ಅವಳು ಹಾಗೆ ತಾನಾಗಿ ನಡೆದದ್ದು ಅದೇ ಮೊದಲು.

"ಯಾಕಪ್ಪ ಬಂದೆ?"

"ಅತ್ಗೆಯ ಕರ್ಕಂಡೋಗವ ಅಂತ ಬಂದಿವ್ನಿ ಕಣಕ್ಕ. ಏಳ್ಕಳ್ಸಿದ್ರಲ್ಲ. ನಮ್ಮನೇಲೂ ಕೈ ಸಾಲ್ದು."

"ಕಾಲ್ ಸುಟ್ಕಂಡು ಬಿದ್ದಿವ್ನಿ, ನಂಗೂ ಕೈ ಸಾಲ್ದು."

"ವಾಸಿಯಾದ್ಮ್ಯಾಕೆ ಕಳ್ಸಿ, ಆಗ್ಲೇಳಿ."

"ವಾಸಿಯಾದ್ಮ್ಯಾಕೂ ಕಳ್ಸಲ್ಲ."

ಅಪ್ಪ ಅವ್ವನ ಮುಖ ನೋಡಿದ. ಅವಳು ಅವನ ಕಡೆ ತಿರುಗಲೇ ಇಲ್ಲ. ಅವನಿಗೆ ಏನು ತೋಚಿತೋ, ತಂಗಿಯನ್ನೇ ಕೇಳಿದ: "ನೀನೇನಂದೀಯೆ ಕೆಂಪೀ? ಓಗ್ತೀಯಾ?"

ಕೆಂಪತ್ತೆ ಮೈದುನನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು. "ನಿನ್ನೆಂಡ್ರ ಎರಿಗೆ ಒತ್ಗೆ ಇಲ್ಲಿಗೇ ಕಳ್ಸು ಕಣಪ್ಪ, ನಾನೇ ಬಾಣಂತನ ಮಾಡ್ತೀನಿ. ಆ ಬೇಲಿತಾವ್ಕೆ ಮಾತ್ರ ನಾನು ಬರ್ನಾರಿ."

ಅವನು ತಲೆ ತಗ್ಗಿಸಿದ. ಆ ಬೇಲಿ ಅವನಿಗೂ ಗೊತ್ತಿದ್ದದ್ದೇ; ಸತ್ತವನು ಅವನ ಅಣ್ಣ. ಅವ್ವ ಅವನನ್ನು ಉಣ್ಣದೆ ಏಳಲು ಬಿಡಲಿಲ್ಲ. ಅತ್ತೆ ಬಡಿಸಿದಳು. ಹೊರಡುವಾಗ ಅವನು ಅವಳಿಗೆ ಕೈಮುಗಿದು, ಹನೂರಿನ ಬಸ್ಸಿಗೆ ಹೊತ್ತಾಯಿತೆಂದು ಬೀದಿಗಿಳಿದ. ಆಮೇಲೆ ಅವ್ವ ಪೆಟ್ಟಿಗೆಯನ್ನು ನೋಡಿ, "ಇದ್ಯಾಕೆ ದಾರೀಲಿ? ನನ್ನ ಸೀರೆ ಮಡಗೋ ಗೂಡಲ್ಲಿ ಒಂದು ಪಕ್ಕ ಖಾಲಿ ಮಾಡು," ಎಂದು ನನಗೆ ಹೇಳಿದಳು. ನಾನೂ ಮಾದೇಶನೂ ಅತ್ತೆಯ ಸೀರೆಗಳನ್ನು ಒಂದೊಂದಾಗಿ ಎತ್ತಿ ಗೂಡಿನಲ್ಲಿಟ್ಟೆವು. ಅತ್ತೆ ಬೇಡವೆನ್ನಲಿಲ್ಲ.

ಕಾಲು ಮಾಯಲು ಇನ್ನೂ ಬಹಳ ದಿನ ಹಿಡಿಯಿತು. ಸುಮ್ಮನೆ ಮಲಗಿ ಅಭ್ಯಾಸವಿಲ್ಲದ ಅವ್ವ ಮಧ್ಯಾಹ್ನಗಳಲ್ಲಿ ಸೂರಿನ ತೊಲೆಗಳನ್ನು ನೋಡಿ ನೋಡಿ ಬೇಸತ್ತಿದ್ದಳು. ಒಂದು ದಿನ ಅತ್ತೆ ರಾಟೆಯ ಮುಂದೆ ಕೂತಿದ್ದಾಗ ಅವ್ವ ಇದ್ದಕ್ಕಿದ್ದಂತೆ ಅಂದಳು:

"ಅದೇನೋ ಕತೆ ಏಳ್ತಿದ್ದಲ್ಲಾ ಐಕ್ಳಿಗೆ, ನಂಗೂ ಏಳು, ಕೇಳವ."

"ಅಣ್ಣ ಬ್ಯಾಡ ಅಂದವ್ನೆ ಅತ್ಗೆ."

"ನಿಮ್ಮಣ್ಣ ನೇಯ್ತಾ ಅವ್ರೆ. ನೀನೇಳು."

ನಾವು ಓಡಿಬಂದು ಅವ್ವನ ಹಾಸಿಗೆಯ ಮೇಲೇ ಕೂತೆವು. ಈ ಸಲ ಯಾರಿಗೂ ಇತ್ತ ತಿರುಗು ಎಂದು ಅತ್ತೆ ಹೇಳಲಿಲ್ಲ. ರಾಟೆ ಎರಡು ಸುತ್ತು ಸುಮ್ಮನೆ ತಿರುಗಿತು. ಆಮೇಲೆ ಊರಾಚೆಯ ಒಂಟಿ ಮನೆ ಬಂತು, ಮುಳುಗುವ ಹೊತ್ತು ಬಂತು.

"ಆ ಮನೇಲಿ ಚೆನ್ನಿ ಒಬ್ಳೇ," ಎಂದಳು ಅತ್ತೆ.

"ಒಬ್ಳೇ ಯಾಕೆ?" ಎಂದಳು ಅವ್ವ. "ಅವ್ಳ ಅತ್ಗೆನೂ ಇದ್ಲು ಅನ್ನು."

ರಾಟೆಯ ಮೇಲೆ ಅತ್ತೆಯ ಕೈ ನಿಂತಿತು. ಕತೆ ಬಲ್ಲವಳು ಅವಳು. ಆ ಮಾತಿನಿಂದ ಏನು ಕೆಡುತ್ತದೆಂದು ಅವಳಿಗೆ ತಟ್ಟನೆ ಗೊತ್ತಾಯಿತು.

"ಇಬ್ರಾಗ್ಬುಟ್ರೆ ಕತೆ ನಿಲ್ಲಲ್ಲ ಅತ್ಗೆ. ಮಾರಿ ಬರಾದೇ ಇಲ್ಲ."

"ಬರ್ದಿದ್ರೆ ಬುಡು," ಎಂದಳು ಅವ್ವ. "ಇಬ್ರೂ ಉಂಡ್ರಾ, ಅದನ್ನೇಳು."